ತೇನೆಹಕ್ಕಿ ಯುದ್ಧವಿಮಾನ ಹಾಗೂ ನನ್ನ ಹೆಂಡತಿಯ ಹೊಲಿಗೆ ಮೆಷಿನ್ನಿನ ಪೆಡಲಿನ ವಿಷಯ

ಇವರಿಗೆ,
ಶ್ರೀಯುತ ತೇನೆಹಕ್ಕಿಯವರು,
ನೆಲದ ಗುರಿಗಳ ಮೇಲೆ ಎರಗುವ ಕಾಲ್ಪನಿಕ ಯುದ್ಧವಿಮಾನ,
ಬಿಡಾರ: ನನ್ನ ಮಗಳು ಸುಮನಾಳ ಕಂಪ್ಯೂಟರ್, ರವೀಂದ್ರನಗರ, ಶಿವಮೊಗ್ಗ.

ಮಾನ್ಯರೇ,

ತಮ್ಮ ಎರಡು ರೆಕ್ಕೆ, ಒಂದು ಬಾಲ, ಮೂತಿ ಮತ್ತು ಮೂತಿಯ ಕೆಳಗಿನ ಫಿರಂಗಿ ಸಮೇತ ತಾವು ಕ್ಷೇಮವಾಗಿದ್ದೀರೆಂದು ನಂಬಿ, ನಾವೂ ಇಲ್ಲಿ ಕೈಕಾಲು ಸಮೇತ ಕ್ಷೇಮವಾಗಿದ್ದೇವೆಂದು ತಿಳಿಸುತ್ತಾ, ಭದ್ರಾವತಿ ನ್ಯೂಟೌನಿನ ನಿವಾಸಿಯೂ ತಮ್ಮ ಜನ್ಮದಾತನೂ ಆದ ಶಿವಶಂಕರಪ್ಪ ಎಂಬ ನಾನು ಅತ್ಯಂತ ವಿನಯದಿಂದ ಬರೆದುಕೊಳ್ಳುವ ದೂರು ಏನೆಂದರೆ, ತಾವು ನನ್ನ ಮಾತು ಕೇಳುವುದಿಲ್ಲ. ನನ್ನ ಹೆಂಡತಿಯ ಕಾಲಿನ ಮಾತು ಕೇಳುತ್ತೀರಿ. ಜನ್ಮ ಕೊಟ್ಟವನಿಗೆ ಇದರಿಂದ ಎಷ್ಟು ನೋವಾಗಬಹುದೆಂದು ತಮ್ಮಂಥ ಸುಶಿಕ್ಷಿತ ವಿಮಾನಗಳಿಗೆ ಬಿಡಿಸಿ ಹೇಳಬೇಕಾಗಿಲ್ಲವಾದರೂ, ಸಾರ್ವಜನಿಕರಿಗೂ ತಿಳಿಯಲೆಂದು ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ.

ನಾನು ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ಮೂವತ್ತಮೂರು ವರ್ಷ ಮರದ ಮಾದರಿ ಕೆತ್ತುವ ಕೆಲಸ ಮಾಡಿದವನು. ಪಂಪಿನ ಹೊಟ್ಟೆಯಾಗಲಿ ಗೇರ್‌ಬಾಕ್ಸಿನ ಚಿಪ್ಪಾಗಲಿ, ಕಬ್ಬಿಣದಲ್ಲಿ ಎರಕವಾಗುವ ಮೊದಲು ಅದೇ ಆಕಾರವನ್ನು ಮರದಲ್ಲಿ ಕೆತ್ತಬೇಕು. ಆ ಮರವನ್ನು ಮರಳಿನಲ್ಲಿ ಒತ್ತಿ ಎತ್ತಿದರೆ ಉಳಿಯುವ ಗುಂಡಿಗೆ ಕಾದ ಕಬ್ಬಿಣ ಹೊಯ್ಯುತ್ತಾರೆ. ಕಬ್ಬಿಣ ಊರೂರಿಗೆ ಹೋಗುತ್ತದೆ, ಮರ ಗೋಡೌನಿಗೆ ಹೋಗುತ್ತದೆ. ಮರದ ಮೇಲೆ ಒಂದು ನಂಬರು ಇರುತ್ತದೆ, ಹೆಸರು ಇರುವುದಿಲ್ಲ. ಇದನ್ನು ನಾನು ದೂರಿನ ಧಾಟಿಯಲ್ಲಿ ಹೇಳುತ್ತಿಲ್ಲ. ನನ್ನ ದೂರು ಇರುವುದು ತಮ್ಮೊಬ್ಬರ ಮೇಲೆ ಮಾತ್ರ.

ಮಗಳು ಸುಮನಾ ಹಗಲು ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಡ್ರಾಯಿಂಗ್ ಕಲಿಸುತ್ತಾಳೆ, ಬಿಡುವಿನಲ್ಲಿ ವಿಮಾನ ಹಾರಿಸುವ ಒಂದು ಕಂಪ್ಯೂಟರ್ ಆಟಕ್ಕೆ ವಿಮಾನ ಮಾಡಿಕೊಡುತ್ತಾಳೆ. ಹತ್ತು ದೇಶದ ಜನ ಸೇರಿ ಕಟ್ಟಿರುವ ಆಟ ಅದು, ಅದರೊಳಗೆ ನದಿ, ರಸ್ತೆ, ಊರು ಎಲ್ಲ ಇದ್ದದ್ದು ಇದ್ದ ಜಾಗದಲ್ಲೇ ಕಾಣುತ್ತದೆ. ಕಳೆದ ವರ್ಷ ಒಂದು ಭಾನುವಾರ ಭದ್ರಾವತಿಗೆ ಬಂದವಳು ಊಟದ ತಟ್ಟೆಯ ಮುಂದೆ ಕುಳಿತು ಹೇಳಿದಳು:

"ಅಪ್ಪಾಜಿ, ನೆಲದ ಮೇಲೆ ದಾಳಿ ಮಾಡೋ ಒಂದು ಜೆಟ್ ಬೇಕು. ನಿಜವಾದ್ದರ ಹೆಸರು ಹಾಕಿದ್ರೆ ಅದರ ಕಂಪನಿಯೋರು ನೋಟೀಸ್ ಕಳಿಸ್ತಾರೆ. ಪ್ರಪಂಚದಲ್ಲಿ ಎಲ್ಲೂ ಇಲ್ದೇ ಇರೋ ವಿಮಾನ ಆಗ್ಬೇಕು. ನೀವು ಮರದಲ್ಲಿ ಕೆತ್ತಿ ಕೊಡಿ, ನಾನು ಕಂಪ್ಯೂಟರಿಗೆ ಏರಿಸ್ತೀನಿ. ಅದರ ಪುಟದಲ್ಲಿ 'ವಿನ್ಯಾಸ: ಶಿವಶಂಕರಪ್ಪ, ಭದ್ರಾವತಿ' ಅಂತ ಬರುತ್ತೆ."

ನಾನು ಸಾರಿಗೆ ಕೈ ಅದ್ದಿದವನು ಹಾಗೇ ಕುಳಿತುಬಿಟ್ಟೆ. ಜಯಶೀಲಾ, ಅಂದರೆ ನನ್ನ ಹೆಂಡತಿ, "ಊಟ ಮಾಡ್ರಿ ಮೊದಲು, ಆಮೇಲೆ ಯುದ್ಧ ಮಾಡೋರಂತೆ" ಅಂದಳು.

ಹೀಗೆ ಹಲಸಿನ ಹಲಗೆಯ ತುಂಡಿನಿಂದ ತಾವು ಎರಡು ತಿಂಗಳಲ್ಲಿ ಹುಟ್ಟಿದಿರಿ. ನಮ್ಮ ಪಕ್ಕದ ಖಾಲಿ ಸೈಟಿನಲ್ಲಿ ನೆಲದ ಮೇಲೇ ಮೊಟ್ಟೆಯಿಟ್ಟು, ಹತ್ತಿರ ಸುಳಿದವರ ತಲೆಗೆ ಕಿರುಚುತ್ತಾ ಎರಗುವ ಹಕ್ಕಿಯ ಹೆಸರನ್ನೇ ತಮಗಿಟ್ಟೆ. ತಮ್ಮ ರೆಕ್ಕೆಯ ಬಾಗನ್ನು ಉಜ್ಜುಕಾಗದದಿಂದ ಎಷ್ಟು ಸಲ ಉಜ್ಜಿದ್ದೇನೆಂದರೆ, ನನ್ನ ಮಗಳಿಗೆ ಅಷ್ಟು ಸಲ ಎಣ್ಣೆ ಸ್ನಾನ ಮಾಡಿಸಿದ ನೆನಪಿಲ್ಲ. ಮೈಮೇಲೆ ಬೀಳುವ ಸ್ವಭಾವ ಹೆಸರಿನ ಜೊತೆಗೇ ಬರುತ್ತದೆಂಬುದು ಮಾತ್ರ ಆಗ ನನಗೆ ಹೊಳೆಯಲಿಲ್ಲ, ಕ್ಷಮಿಸಬೇಕು.

ಆಟದ ಬಳಗದವರು ಯಾವ ವಿಮಾನವನ್ನೂ ಹಾಗೇ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಎಲ್ಲರೂ ನೋಡುತ್ತಿರುವಾಗ ಅದು ನೇರಪ್ರಸಾರದಲ್ಲಿ ಮೇಲೇರಬೇಕು, ಪರೀಕ್ಷಕರು ಆ ದಿನವೇ ಇಡುವ ಮೂರು ಗುರಿಗಳಿಗೆ ಹೊಡೆಯಬೇಕು, ಕ್ಷೇಮವಾಗಿ ಇಳಿಯಬೇಕು. ತಪ್ಪಿದರೆ ಮುಂದಿನ ವರ್ಷವೇ ಗತಿ. ಹಾರಿಸುವವರು ವಿಮಾನ ಮಾಡಿದವರೇ ಆಗಿರಬೇಕು. ಸುಮನಾ ಹಾರಿಸುವುದೆಂದು ನಿಶ್ಚಯವಾಗಿತ್ತು. ಪರೀಕ್ಷೆಗೆ ಇಪ್ಪತ್ತೆರಡು ದಿನ ಇದೆ ಎನ್ನುವಾಗ ಅವಳು ಸ್ಕೂಟರಿಗೆ ಸ್ಟ್ಯಾಂಡ್ ಹಾಕಲು ಹೋಗಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಅವಳಿಗೆ ತಲೆ ಬಾಚಿ ಅನ್ನ ಮಾಡಿ ಹಾಕಲು ಜಯಶೀಲಾ ರವೀಂದ್ರನಗರಕ್ಕೆ ಹೋದಳು, ಹಿಂದೆಯೇ ನಾನೂ ಹೋದೆ.

"ಅಪ್ಪಾಜಿ, ಇನ್ನು ನೀವೇ" ಎಂದು ಸುಮನಾ ಬ್ಯಾಂಡೇಜಿನ ಕೈಯನ್ನು ಎತ್ತಿ ತೋರಿಸಿದಳು.

ಬಜಾಜ್ ಸ್ಕೂಟರ್ ಬಿಟ್ಟು ಬೇರೇನನ್ನೂ ಓಡಿಸದ ಅರವತ್ತನಾಲ್ಕು ವರ್ಷದ ನಾನು ಹೀಗೆ ಪೈಲಟ್ ಆದೆ. ಕೈಯಲ್ಲಿ ಹಿಡಿಯಲು ಜಾಯ್‌ಸ್ಟಿಕ್ ಇತ್ತು. ತಮ್ಮ ಬಾಲದ ಚುಕ್ಕಾಣಿ ತಿರುಗಿಸಲು ಕಾಲಿನ ಪೆಡಲು ಬೇಕಿತ್ತು, ಅದು ಇರಲಿಲ್ಲ. ಪಾರ್ಸೆಲ್ ಬರಲು ಒಂದು ತಿಂಗಳು ಎಂದರು. ಒಬ್ಬ ಮಾದರಿ ಕೆತ್ತುವವನಿಗೆ ಅತ್ತೊಮ್ಮೆ ಇತ್ತೊಮ್ಮೆ ತೂಗುವ ಗಟ್ಟಿ ಎರಕದ ಕಬ್ಬಿಣದ ತಟ್ಟೆ ಎಲ್ಲಿ ಸಿಗುತ್ತದೆಂದು ಯೋಚಿಸಲು ಅರ್ಧ ಲೋಟ ಕಾಫಿ ಸಾಕು. ಮಾರನೆಯ ಬೆಳಿಗ್ಗೆ ಭದ್ರಾವತಿಗೆ ಹೋಗಿ, ಹೆಂಡತಿಯ ಹೊಲಿಗೆ ಮೆಷಿನ್ನಿನ ಕಾಲುಪೆಡಲನ್ನು ಬಿಚ್ಚಿ, ಗೋಣಿಚೀಲದಲ್ಲಿ ಸುತ್ತಿ ಬಸ್ಸಿಗೆ ಹತ್ತಿಸಿದೆ. ಕಂಡಕ್ಟರ್ ಏನದು ಎಂದಾಗ "ವಿಮಾನದ ಪಾರ್ಟು" ಅಂದೆ. ಆತ ನನ್ನನ್ನೂ ಚೀಲವನ್ನೂ ನೋಡಿ, ಮುಂದಿನ ಸೀಟಿನವರನ್ನು ಎಬ್ಬಿಸಿ ನನಗೆ ಜಾಗ ಮಾಡಿಕೊಟ್ಟ. ಈ ದೇಶದಲ್ಲಿ ತಮಗೆ ಸಿಕ್ಕ ಮೊದಲ ಗೌರವ ಅದು.

ಸುಮನಾ ಹೇಳಿಕೊಟ್ಟಂತೆ ಅದಕ್ಕೆ ತಂತಿ ಸುತ್ತಿ ಕಂಪ್ಯೂಟರಿಗೆ ಜೋಡಿಸಿ, ಹೆಂಡತಿಯ ಕಣ್ಣಿಗೆ ಬೀಳದಂತೆ ಮೇಜಿನಡಿ ಗೋಣಿಚೀಲ ಮುಚ್ಚಿಟ್ಟೆ. ಮೂರು ದಿನದ ಮೇಲೆ ಜಯಶೀಲಾ ಯಾರದೋ ಮದುವೆ ಬ್ಲೌಸು ಮುಗಿಸಿ ಕೊಡಲೆಂದು ಭದ್ರಾವತಿಗೆ ಹೋದಳು. ಹನ್ನೊಂದು ಗಂಟೆಗೆ ಫೋನು ಬಂತು.

"ರೀ, ನನ್ನ ಮೆಷಿನ್ ಕಾಲೆಲ್ಲಿ?"

ನಾನು ಆಗ ತಮ್ಮ ಜೊತೆ ಎರಡು ಸಾವಿರ ಅಡಿ ಎತ್ತರದಲ್ಲಿದ್ದೆ. ಉತ್ತರ ಹುಡುಕುವುದರೊಳಗೆ ತಾವು ಭದ್ರಾ ನದಿಗೆ ಬಿದ್ದಿರಿ.

ಇಲ್ಲಿ ಒಂದು ವಿಷಯವನ್ನು ತಮ್ಮ ಘನ ಗಮನಕ್ಕೆ ತರಬೇಕಾಗಿದೆ. ನೆಲದ ಮೇಲೆ ದಾಳಿ ಮಾಡುವ ವಿಮಾನ ಎಂದರೆ ಗುಂಡು ನೆಲಕ್ಕೆ ಬೀಳಬೇಕು, ವಿಮಾನವಲ್ಲ. ತಾವು ಈ ವ್ಯತ್ಯಾಸವನ್ನು ಬಹಳ ಉದಾರವಾಗಿ ಮರೆತಿರಿ. ಒಂದು ದಿನ ಕಬ್ಬಿನ ಗದ್ದೆಗೆ ಎರಗಿದಿರಿ, ಇನ್ನೊಂದು ದಿನ ರೈಲ್ವೆ ಹಳಿಗೆ. ಮತ್ತೊಂದು ದಿನ ಸೋಗಾನೆಯ ವಿಮಾನ ನಿಲ್ದಾಣದಲ್ಲಿ ಮೂರು ಕಿಲೋಮೀಟರ್ ಉದ್ದದ ರನ್‌ವೇ ಖಾಲಿ ಮಲಗಿರುವಾಗ ಅದನ್ನು ಬಿಟ್ಟು ಪಕ್ಕದ ಬೇಲಿಯನ್ನೇ ಆರಿಸಿಕೊಂಡಿರಿ. ಕೈ ಸರಿಯಾಗಿದ್ದರೆ ಕಾಲು ಹೆಚ್ಚಾಗುತ್ತಿತ್ತು, ಕಾಲು ನೋಡಿಕೊಂಡರೆ ಕೈ ಮರೆಯುತ್ತಿತ್ತು. ಎಂಟು ದಿನದಲ್ಲಿ ಅರವತ್ತೊಂದು ಸಲ ಬಿದ್ದೆವು. ನೆಲದ ಬಗ್ಗೆ ಇಷ್ಟೊಂದು ಪ್ರೀತಿಯಿರುವ ತಾವು ಎತ್ತಿನ ಗಾಡಿಯಾಗಿ ಹುಟ್ಟಬಹುದಿತ್ತು.

ಬ್ಲೌಸನ್ನು ಕೈಯಲ್ಲೇ ಹೊಲಿದು ಕೊಟ್ಟು ಭದ್ರಾವತಿಯಿಂದ ವಾಪಸು ಬಂದ ಜಯಶೀಲಾ ಚೀಲವನ್ನೂ ಕೆಳಗಿಡದೆ ಕೋಣೆಯ ಬಾಗಿಲಲ್ಲಿ ನಿಂತು ಅರವತ್ತೆರಡನೆಯದನ್ನು ನೋಡಿದಳು. ಅವಳ ಪೆಡಲು ನನ್ನ ಚಪ್ಪಲಿ ಕಾಲಡಿಯಲ್ಲಿ, ಅಡ್ಡಕ್ಕೆ ತಿರುಗಿ, ತಂತಿ ಸುತ್ತಿಸಿಕೊಂಡು ಕುಳಿತಿತ್ತು. ನಾನು ಬೈಗುಳಕ್ಕೆ ತಯಾರಾದೆ.

"ಅಷ್ಟು ಜೋರಾಗಿ ಒದೀತಾರೇನ್ರೀ ಅದನ್ನ?" ಅಂದಳು. "ದಾರ ಕಿತ್ತು ಹೋಗುತ್ತೆ. ಚಪ್ಪಲಿ ಬೇರೆ! ಸರೀರಿ ಆಚೆ."

ಮೂವತ್ತು ವರ್ಷ ಆ ಪೆಡಲನ್ನು ಬರಿಗಾಲಲ್ಲಿ ತುಳಿದವಳು. ಕುಳಿತಳು, ಪಾದ ಇಟ್ಟಳು. ರನ್‌ವೇಯಲ್ಲಿ ನನ್ನ ಕಾಲಡಿ ಕುಡುಕನಂತೆ ಓಲಾಡುತ್ತಿದ್ದ ತಾವು ಅಂಚಿಗೆ ಹೊಲಿಗೆ ಹಾಕಿದಂತೆ ನೇರ ಓಡಿದಿರಿ. ನನಗಾದ ಅವಮಾನ ತಮಗೆ ತಿಳಿದಿರಲಿ. ಆದರೆ ಅವಳ ಕೈಗೆ ಜಾಯ್‌ಸ್ಟಿಕ್ ಬಂದಾಗ ರುಬ್ಬುಗುಂಡು ತಿರುಗಿಸಿದಂತೆ ತಿರುಗಿಸಿಬಿಟ್ಟಳು, ತಾವು ಆಕಾಶದಲ್ಲಿ ಮೂರು ಲಾಗ ಹಾಕಿ ತುಂಗೆಗೆ ಬಿದ್ದಿರಿ. ಆಗ ಸುಮನಾ ಮಂಚದ ಮೇಲಿಂದ ಕೂಗಿದಳು: "ಅಮ್ಮಾ, ನೀವು ಕಾಲು! ಅಪ್ಪಾಜಿ, ನೀವು ಕೈ!"

ಒಂದೇ ಬೆಂಚಿನ ಮೇಲೆ ಇಬ್ಬರೂ ಕುಳಿತೆವು. ನಾನು ಎಡಕ್ಕೆ ವಾಲಿಸಿದರೆ ಅವಳು ಎಡಕ್ಕೆ ತುಳಿಯಬೇಕು. ಮೊದಲ ದಿನ ನಾನು ಹೇಳಿದೆ, ಅವಳು ತುಳಿದಳು. ಎರಡನೆಯ ದಿನ ಅವಳು ಹೇಳಿದಳು, ನಾನು ವಾಲಿಸಿದೆ. ಐದನೆಯ ದಿನ ತಾವು ಮೊಟ್ಟಮೊದಲ ಬಾರಿಗೆ ಸೋಗಾನೆಯಲ್ಲಿ ಚಕ್ರ ಕೆಳಗಾಗಿ ಇಳಿದಿರಿ. ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿತ್ತು, ಯಾರೂ ಬೇಸರ ಮಾಡಲಿಲ್ಲ.

ಇಬ್ಬರು ಸೇರಿ ಹಾರಿಸಬಹುದೇ ಎಂದು ಸುಮನಾ ಪರೀಕ್ಷಕ ಮಧು ಅವರಿಗೆ ಫೋನು ಮಾಡಿದಳು. ಹಾಸನದ ಹುಡುಗ, ಬಹಳ ನಿಯಮಸ್ಥ. ಸ್ವಲ್ಪ ಹೊತ್ತು ಕಾಗದ ತಿರುವಿ ಹೇಳಿದರು: "ವಿನ್ಯಾಸ ಮಾಡಿದವರ ಕೈ ಕಂಟ್ರೋಲಿನ ಮೇಲಿರ್ಬೇಕು ಅಂತಿದೆ. ಕಾಲಿನ ಬಗ್ಗೆ ಏನೂ ಬರೆದಿಲ್ಲ."

ಪರೀಕ್ಷೆಯ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ವಿಭೂತಿ ಧರಿಸಿ, ತಮ್ಮ ಮುಂದೆ ಕುಳಿತೆ. ಜಯಶೀಲಾ ಕಾಲಿಗೆ ಅರಿಶಿನ ಹಚ್ಚಿಕೊಂಡು ಬಂದಳು. ನಾನೂರ ಹನ್ನೆರಡು ಜನ ನೋಡುತ್ತಿದ್ದಾರೆಂದು ಪರದೆಯ ಮೂಲೆಯಲ್ಲಿ ತೋರಿಸುತ್ತಿತ್ತು. ಮೈಕು ನಮ್ಮಿಬ್ಬರ ನಡುವೆ ಇತ್ತು. ಅದನ್ನು ಮುಚ್ಚಿಡಬಹುದಿತ್ತೆಂದು ಸುಮನಾ ನಮಗೆ ಹೇಳಿದ್ದು ಆಮೇಲೆ.

ತಾವು ಚೆನ್ನಾಗಿಯೇ ಏರಿದಿರಿ. ಕೆಳಗೆ ಭದ್ರೆ, ಸೇತುವೆ, ಕಾರ್ಖಾನೆಯ ಚಿಮಣಿ ಎಲ್ಲ ಚಿತ್ರದಲ್ಲಿಟ್ಟಂತೆ ಕಂಡವು. ಮಧು ಹೇಳಿದರು, "ಸಾರ್, ನದಿ ದಾಟಿದ ಮೇಲೆ ಒಂದು ಖಾಲಿ ಮೈದಾನ ಇದೆ. ಮೂರು ಹಳೇ ಲಾರಿ ಇಟ್ಟಿದ್ದೀನಿ. ಹೊಡೀರಿ." ನಾನು ಮೂತಿ ತಗ್ಗಿಸಿದೆ. ಸಾಲುಸಾಲು ಕ್ವಾರ್ಟರ್ಸಿನ ಪಕ್ಕ ಕೆಂಪು ಮೈದಾನ, ನಡುವೆ ಮೂರು ಲಾರಿ. ಗುರಿಯ ವೃತ್ತದೊಳಗೆ ಮೊದಲ ಲಾರಿ ಬಂತು. ಗುಂಡಿ ಒತ್ತಿದೆ.

ಅದೇ ಗಳಿಗೆಗೆ ತಮ್ಮ ಬಾಲ ಬಲಕ್ಕೆ ಹೊರಳಿತು. ಗುಂಡುಗಳೆಲ್ಲ ನದಿಗೆ ಹೋದವು.

"ಜಯಾ, ಕಾಲು ಜಾರ್ತಾ?"

ಅವಳು ಪೆಡಲಿನ ಮೇಲೆ ಪಾದ ಸರಿಮಾಡಿಕೊಂಡಳು. ಸುತ್ತು ಹಾಕಿ ಮತ್ತೆ ಬಂದೆ, ಮತ್ತೆ ವೃತ್ತ ಕೂಡಿಸಿದೆ, ಮತ್ತೆ ಒತ್ತಿದೆ. ಈ ಸಲ ತಾವು ಎಡಕ್ಕೆ ಹೊರಳಿ ಮೋಡಕ್ಕೆ ಗುಂಡು ಹೊಡೆದಿರಿ.

"ಏನೇ ಇದು!"

"ಅದು ಕಾಗದನಗರ ರೀ."

"ಆದ್ರೆ?"

"ಅಲ್ಲಿ ನೋಡಿ, ಮೂಲೆಯಿಂದ ಎರಡನೇ ಮನೆ. ನಾನು ಹುಟ್ಟಿದ್ದು ಅಲ್ಲಿ. ಅದೇ ಮೈದಾನದಲ್ಲಿ ನಮ್ಮಪ್ಪ ಪೇಪರ್ ಮಿಲ್ಲಿನ ಶಿಫ್ಟ್ ಮುಗಿಸ್ಕೊಂಡು ಬಂದು ನಂಗೆ ಸೈಕಲ್ ಕಲಿಸಿದ್ದು. ಅಲ್ಲಿಗೆ ಬಾಂಬ್ ಹಾಕ್ತೀರಾ?"

"ಬಾಂಬಲ್ಲ ಕಣೇ, ಬರೀ ಗುಂಡು! ಅದೂ ಸುಳ್ಳು ಗುಂಡು, ಸುಳ್ಳು ಲಾರಿ!"

"ಮೈದಾನ ಸುಳ್ಳಲ್ವಲ್ಲ!"

"ಮೇಡಂ, ಇದು ಆಟ" ಎಂದು ಮಧು ಮೆಲ್ಲಗೆ ಹೇಳಿದರು.

"ನೀನು ಸುಮ್ನಿರಪ್ಪ, ನಿಂಗೆ ಗೊತ್ತಾಗಲ್ಲ" ಎಂದು ನನ್ನ ಹೆಂಡತಿ ಪರೀಕ್ಷಕರಿಗೆ ನಾನೂರು ಚಿಲ್ಲರೆ ಜನರೆದುರು ಹೇಳಿದಳು.

ಮೂರನೆಯ ಸುತ್ತಿಗೆ ನಾನು ಗುಂಡಿ ಒತ್ತುವ ಮೊದಲೇ ಅವಳು ಪೆಡಲು ಒದ್ದಳು. ತಾವು ಅವಳ ಕಡೆಗೇ ತಿರುಗಿದಿರಿ. ಮೂರು ಲಾರಿಗಳಿಗೂ ಒಂದು ಗೀರು ಕೂಡ ಆಗಲಿಲ್ಲ. ನಾನು ಬಾಯಿಗೆ ಬಂದದ್ದೆಲ್ಲ ಅಂದೆ, ನಲವತ್ತು ವರ್ಷದ ಹಿಂದೆ ಮದುವೆಯಲ್ಲಿ ಅವರಪ್ಪ ಕೊಡಿಸುತ್ತೇನೆಂದು ಹೇಳಿ ಕೊಡಿಸದ ವಾಚಿನ ವಿಷಯವನ್ನೂ ಎತ್ತಿದೆ. ಅವಳು ಸೆರಗು ಎಳೆದುಕೊಂಡು ಆಚೆ ತಿರುಗಿದಳು, ನಾನೂ ತಿರುಗಿದೆ.

ಹಾಗೆ ಇಬ್ಬರೂ ಮುಖ ತಿರುಗಿಸಿಕೊಂಡು ಸೋಗಾನೆಯ ಕಡೆ ಬಂದೆವು. ಅಡ್ಡಗಾಳಿ ಜೋರಾಗಿತ್ತು. ನಾನು ಏನೂ ಹೇಳಲಿಲ್ಲ, ಅವಳು ಏನೂ ಕೇಳಲಿಲ್ಲ. ನನ್ನ ಕೈ ವಾಲಿದ ಕಡೆ ಅವಳ ಕಾಲು ತಾನಾಗಿ ಬಂತು, ಅವಳ ಕಾಲು ಎಳೆದಲ್ಲಿಗೆ ನನ್ನ ಕೈ ಹೋಯಿತು. ಹೊಲಿದ ಬಟ್ಟೆಯನ್ನು ಮಡಿಚಿ ಪೆಟ್ಟಿಗೆಗೆ ಇಟ್ಟಂತೆ ತಾವು ನೆಲಕ್ಕೆ ಇಳಿದಿರಿ. ಅಷ್ಟು ಚೆಂದದ ಇಳಿತ ಈ ಆಟದಲ್ಲೇ ನೋಡಿಲ್ಲವೆಂದು ಯಾರೋ ಬರೆದರು. ಮಧು, "ಏರಿದ್ದು ಪಾಸ್, ಇಳಿದದ್ದು ಪಾಸ್, ಗುರಿ ಸೊನ್ನೆ. ಕ್ಷಮಿಸಿ ಸಾರ್, ಒಟ್ಟು ಫೇಲ್" ಅಂದರು.

ಮಧ್ಯಾಹ್ನ ನಾನು ಊಟ ಮಾಡಲಿಲ್ಲ. ಸುಮನಾಳಿಗೆ ಎಡಗೈಯಲ್ಲಿ ತಮ್ಮ ಪುಟದಲ್ಲಿದ್ದ ನನ್ನ ಹೆಸರನ್ನು ಅಳಿಸಬೇಕಾಗಿ ಬಂತು. ಅವಳು ಅಳಿಸುವುದನ್ನು ನೋಡಬಾರದೆಂದು ವರಾಂಡಕ್ಕೆ ಹೋಗಿ ನಿಂತೆ. ನಾಲ್ಕು ಗಂಟೆಗೆ ಜಯಶೀಲಾ, "ಊರಿಗೆ ಹೋಗಿ ಮನೆ ನೋಡ್ಕೊಂಡು ಬರೋಣ ನಡೀರಿ" ಅಂದಳು. ಬಸ್ಸಿನಲ್ಲಿ ಅವಳು ಕಿಟಕಿ ಕಡೆ ಕುಳಿತಳು, ನಾನು ದಾರಿ ಕಡೆ. ಮಾಚೇನಹಳ್ಳಿ ಬಂತು, ನಮ್ಮ ಫೌಂಡ್ರಿಯ ಗೇಟು ಹೋಯಿತು.

"ರೀ" ಅಂದಳು.

ನಾನು ಟಿಕೆಟನ್ನು ಮಡಿಚುತ್ತಾ ಕುಳಿತೆ.

"ನೀವು ಮಾಡಿದ ವಿಮಾನ ಬಹಳ ಚೆನ್ನಾಗಿದೆ ರೀ. ಸ್ವಲ್ಪ ತುಳಿದ್ರೆ ಸಾಕು, ಅರ್ಥ ಮಾಡ್ಕೊಳ್ಳುತ್ತೆ. ಕಾಲಿಗೆ ಗೊತ್ತಾಗುತ್ತೆ, ಯಾರೋ ಕೂತ್ಕೊಂಡು ನಿಧಾನಕ್ಕೆ ಮಾಡಿದ್ದು ಅಂತ."

ಮಾನ್ಯರೇ, ಮೂವತ್ತಮೂರು ವರ್ಷದಲ್ಲಿ ನಾನು ಕೆತ್ತಿದ ಯಾವ ಮರವನ್ನೂ ಅವಳು ನೋಡಿರಲಿಲ್ಲ. ನಾನು ಡಬ್ಬಿ ತೆಗೆದುಕೊಂಡು ಹೋಗುತ್ತಿದ್ದೆ, ಡಬ್ಬಿ ತೆಗೆದುಕೊಂಡು ಬರುತ್ತಿದ್ದೆ. ನಡುವೆ ಏನು ಮಾಡುತ್ತೇನೆಂದು ಅವಳೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ನಾನು ಕಿಟಕಿಯಾಚೆ ನೋಡುವ ನೆಪದಲ್ಲಿ ಅವಳ ಕಡೆ ತಿರುಗಿದೆ. ಬಸ್ಸು ಬೈಪಾಸಿನಲ್ಲಿ ತಿರುಗುವಾಗ, "ಹಾಗಿದ್ರೆ ಮೈದಾನಕ್ಕೆ ಹೋಗೋಣ್ವಾ?" ಎಂದು ಕೇಳಿದೆ. ಕಾಗದನಗರಕ್ಕೆ ಹೋದೆವು. ಮೂಲೆಯಿಂದ ಎರಡನೇ ಮನೆಗೆ ಬೀಗ ಹಾಕಿತ್ತು. ಮೈದಾನದಲ್ಲಿ ಎಮ್ಮೆಗಳು ಮೇಯುತ್ತಿದ್ದವು. ಅವರಪ್ಪ ಸೈಕಲ್ ಬಿಟ್ಟುಬಿಟ್ಟ ಜಾಗ, ಅವಳು ಬಿದ್ದ ಜಾಗ, ಬಿದ್ದು ಎದ್ದು ಒಬ್ಬಳೇ ಹೋದ ಜಾಗ, ಎಲ್ಲವನ್ನೂ ತೋರಿಸಿದಳು.

ಬುಧವಾರ ಮಧು ಫೋನು ಮಾಡಿದರು. ನಮ್ಮ ಹಾರಾಟ ನೋಡಿದವರಲ್ಲಿ ನೂರಕ್ಕೂ ಹೆಚ್ಚು ಜನ ನಮಗೆ ಮರುಪರೀಕ್ಷೆ ಕೊಡಬೇಕೆಂದು ಅರ್ಜಿ ಹಾಕಿದ್ದರಂತೆ. ಜನರ ಮನೆಗಳ ಪಕ್ಕ ಗುರಿ ಇಟ್ಟದ್ದು ತಪ್ಪೆಂದು ಬಳಗದವರು ಸಭೆ ಸೇರಿ ಒಪ್ಪಿದರಂತೆ, ಇನ್ನು ಮುಂದೆ ಯಾರಿಗೂ ಹಾಗೆ ಇಡುವುದಿಲ್ಲವೆಂದು ನಿಯಮಕ್ಕೂ ಸೇರಿಸಿದರಂತೆ. "ಮೇಡಂಗೆ ಹೇಳಿ ಸಾರ್, ಈ ಸಲ ಸಮುದ್ರದ ನಡುವೆ ಮೂರು ಖಾಲಿ ದೋಣಿ. ಸುತ್ತ ಎಲ್ಲೂ ಯಾರೂ ಹುಟ್ಟಿಲ್ಲ, ನಾನು ವಿಚಾರಿಸಿದ್ದೀನಿ."

ಜಯಶೀಲಾ ಫೋನು ತೆಗೆದುಕೊಂಡು, "ಮೀನು ಹಿಡಿಯೋರ ದೋಣಿ ಅಲ್ಲ ತಾನೆ?" ಎಂದು ಖಾತ್ರಿ ಮಾಡಿಕೊಂಡಳು.

ಮುಂದಿನ ಭಾನುವಾರ ಎರಡು ಸಾವಿರ ಜನ ನೋಡುತ್ತಿದ್ದರು. ಮೂರು ದೋಣಿಗೂ ಹೊಡೆದೆವು. ಮೂರನೆಯದಕ್ಕೆ ನನ್ನ ಹೆಬ್ಬೆರಳು ಒತ್ತದೆ ಗುಂಡಿಯ ಮೇಲೇ ನಿಂತಾಗ, ಅವಳು ಪೆಡಲಿನ ಮೇಲೆ ಕಾಲನ್ನು ಕಲ್ಲಿನಂತೆ ನಿಲ್ಲಿಸಿ, "ಈಗ ಹೊಡೀರಿ, ನಾನಿದ್ದೀನಿ" ಅಂದಳು. ಇಳಿದ ಮೇಲೆ ಸುಮನಾ ಬ್ಯಾಂಡೇಜಿನ ಕೈಯಿಂದಲೇ ಚಪ್ಪಾಳೆ ತಟ್ಟಲು ಹೋಗಿ ಅಯ್ಯೋ ಎಂದು ಕೂಗಿ, ಕೂಗುತ್ತಲೇ ನಕ್ಕಳು. ಈಗ ತಮ್ಮ ಪುಟದಲ್ಲಿ ಬರೆದಿದೆ: ವಿನ್ಯಾಸ: ಶಿವಶಂಕರಪ್ಪ. ಮೊದಲ ಹಾರಾಟ: ಶಿವಶಂಕರಪ್ಪ (ಕೈ), ಜಯಶೀಲಾ (ಕಾಲು). ನನ್ನ ಹೆಸರು ಎರಡು ಸಲ ಇದೆಯೆಂದು ನಾನು ಹೆಮ್ಮೆಪಡುತ್ತಿರುವಾಗ, ಊರಿನವರು ಅಭಿನಂದಿಸುವುದು ಮಾತ್ರ ಕಾಲನ್ನು.

ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿ. ನಾನೊಬ್ಬನೇ ಕುಳಿತಾಗಲೂ ಒಮ್ಮೆಯಾದರೂ ಚಕ್ರ ಕೆಳಗಾಗಿ ಇಳಿಯಬೇಕು; ಅದು ಕಷ್ಟವೆನಿಸಿದರೆ, ಸಂಬಂಧಪಟ್ಟವರೊಡನೆ ಮಾತಾಡಿ, ನಾನು ಬರುವ ಹೊತ್ತಿಗೆ ನೆಲವನ್ನು ಹತ್ತು ಅಡಿ ಕೆಳಕ್ಕೆ ಇಳಿಸಿಕೊಡಬೇಕು. ನನ್ನ ಹೆಂಡತಿ ಸಂತೆಗೆ ಹೋಗಿರುವಾಗ ತಾವು ಆಕಾಶದಲ್ಲಿ ಸುಮ್ಮನೆ ನಿಂತು, ಅವಳು ಬರುವ ತನಕ ಕಾಯಬೇಕು. ಹಾಗೂ, ಪೆಡಲು ಇನ್ನೂ ತಮ್ಮ ಬಳಿಯೇ ಇದ್ದು ಹದಿಮೂರು ಬ್ಲೌಸು ಬಾಕಿಯಿರುವುದರಿಂದ, ಬಿಡುವಾದಾಗ ಒಂದೆರಡು ಕಾಜ ಹೊಲಿದುಕೊಟ್ಟರೆ ಅದನ್ನು ತಮ್ಮ ಸೇವಾ ದಾಖಲೆಯಲ್ಲಿ ಸೇರಿಸಲು ಶಿಫಾರಸು ಮಾಡುತ್ತೇನೆ.

ತಮ್ಮ ರೆಕ್ಕೆಗೆ ಸದಾ ಗಾಳಿ ಸಿಗಲೆಂದು ಹಾರೈಸುವ, ಒಬ್ಬನೇ ಅರವತ್ತೆರಡು ಸಲ ತಮ್ಮೊಡನೆ ನೆಲಕ್ಕೆ ಬಿದ್ದರೂ ತಮ್ಮ ಮೇಲಿನ ನಂಬಿಕೆ ಬೀಳದ,

ತಮ್ಮ ವಿಶ್ವಾಸಿ,
ಶಿವಶಂಕರಪ್ಪ (ಕೈ)
ಭದ್ರಾವತಿ

ಮರೆತ ಮಾತು: ನಮ್ಮ ಮೊದಲ ಹಾರಾಟ ನೋಡಿದ ಹೊರದೇಶದ ಒಬ್ಬ ಪೈಲಟ್, ಕನ್ನಡ ಒಂದಕ್ಷರವೂ ಬಾರದವರು, ಜಯಶೀಲಾಳ ದನಿಯನ್ನು ವಿಮಾನದೊಳಗೆ ಎಚ್ಚರಿಕೆಯ ಗಂಟೆಯಾಗಿ ಇಡಬಹುದೇ ಎಂದು ಕೇಳಿದ್ದಾರೆ, ಆ ದನಿ ಕೇಳಿದರೆ ತಪ್ಪು ಮಾಡಲು ಧೈರ್ಯವೇ ಬರುವುದಿಲ್ಲವಂತೆ. ಅವಳು ಒಪ್ಪಿದ್ದಾಳೆ, ನಿನ್ನೆಯೇ ಸುಮನಾ ಧ್ವನಿಮುದ್ರಣ ಮುಗಿಸಿದಳು. ಇನ್ನು ತಾವು ಜಗತ್ತಿನ ಯಾವ ಮೂಲೆಯಲ್ಲಿ ಓರೆಯಾದರೂ ತಮ್ಮ ಹೊಟ್ಟೆಯೊಳಗಿಂದಲೇ ಬೈಗುಳ ಕೇಳಿಸುತ್ತದೆ. ಅನುಭವಸ್ಥನ ಮಾತೆಂದು ತಿಳಿಯಿರಿ: ಎದುರು ಮಾತಾಡಬೇಡಿ, ನೇರವಾಗಿಬಿಡಿ.